ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯ: ಉದ್ಯೋಗದಾತರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಖಾನೆ, ಗೋದಾಮು, ಕಟ್ಟಡ ಕಾಮಗಾರಿ, ಕಚೇರಿ ನಡೆಸುವವರು ಹಲವು ವರ್ಷಗಳಿಂದ ನನ್ನ ಮುಂದೆ ಇಟ್ಟ ಪ್ರಶ್ನೆಗಳು ಇವು. ನಮೂನೆ, ಗಡುವು, ದಂಡದ ಮೊತ್ತಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಅವುಗಳಿಗೆ ನಿಮ್ಮಲ್ಲಿನ ಕಾನೂನನ್ನೇ ನೋಡಬೇಕು. ಆದರೆ ಕಾನೂನುಗಳ ಬೆನ್ನೆಲುಬು ಬಹುತೇಕ ಎಲ್ಲ ಕಡೆ ಒಂದೇ. ಅದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಪ್ಪಂದದಲ್ಲಿ ಕಾಣಬಹುದು. 2022ರ ಜೂನ್‌ನಲ್ಲಿ ಆ ಸಂಘಟನೆಯು ಸುರಕ್ಷಿತ, ಆರೋಗ್ಯಕರ ಕೆಲಸದ ವಾತಾವರಣವನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಹಾಗಾಗಿ ಒಪ್ಪಂದವನ್ನು ಅನುಮೋದಿಸದ ಸದಸ್ಯ ರಾಷ್ಟ್ರವೂ ಈಗ ಈ ತತ್ವವನ್ನು ಗೌರವಿಸಲೇಬೇಕು.

ಉದ್ಯೋಗದಾತನ ಮೂಲ ಕರ್ತವ್ಯ ಏನು?

ನಿಮ್ಮ ಹತೋಟಿಯಲ್ಲಿರುವ ಜಾಗ, ಯಂತ್ರ, ಉಪಕರಣ ಮತ್ತು ಕೆಲಸದ ವಿಧಾನದಿಂದ ಯಾರ ಆರೋಗ್ಯಕ್ಕೂ ಕುತ್ತು ಬಾರದಂತೆ, ಸಮಂಜಸವಾಗಿ ಸಾಧ್ಯವಿರುವ ಮಟ್ಟಿಗೆ, ನೋಡಿಕೊಳ್ಳುವುದು. ರಾಸಾಯನಿಕ, ದೂಳು, ಶಬ್ದ, ಸೋಂಕು ಎಲ್ಲವೂ ಇದರೊಳಗೆ ಬರುತ್ತವೆ. ತರಬೇತಿ, ಮೇಲ್ವಿಚಾರಣೆ, ಪ್ರಥಮ ಚಿಕಿತ್ಸೆ, ತುರ್ತು ಸಂದರ್ಭದ ಸಿದ್ಧತೆ, ಅಪಘಾತಗಳ ದಾಖಲೆ ಇವೆಲ್ಲ ಈ ಒಂದು ಬೇರಿನಿಂದ ಹೊರಟ ಕವಲುಗಳು.

ಇಲ್ಲಿ 'ಹತೋಟಿ' ಎಂಬ ಪದವನ್ನು ಗಮನಿಸಿ. ಯಂತ್ರ ಯಾವುದು, ವೇಗ ಎಷ್ಟು, ಪಾಳಿ ಎಷ್ಟು ಹೊತ್ತು, ಎಷ್ಟು ಜನ ಎಂಬುದನ್ನು ನಿರ್ಧರಿಸುವವರು ನೀವು. ನಿರ್ಧಾರ ನಿಮ್ಮದಾದ ಕಡೆ ಹೊಣೆಯೂ ನಿಮ್ಮದೇ. ಮುಂದಿನ ಹಲವು ಪ್ರಶ್ನೆಗಳು ಈ ಹೊಣೆಯನ್ನು ಬೇರೆ ಯಾರಿಗಾದರೂ ದಾಟಿಸಬಹುದೇ ಎಂಬುದರ ಸುತ್ತಲೇ ಸುತ್ತುತ್ತವೆ.

'ಸಮಂಜಸವಾಗಿ ಸಾಧ್ಯವಿರುವ ಮಟ್ಟಿಗೆ' ಎಂದರೆ ನನ್ನ ಕೈಲಾದಷ್ಟು ಎಂದೇ?

ಅಲ್ಲ. ನಿಮ್ಮ ಹಣಕಾಸಿನ ಸ್ಥಿತಿ ಇಲ್ಲಿ ಅಳತೆಗೋಲಾಗುವುದಿಲ್ಲ. ಗಣಿಯೊಂದರ ಸುರಂಗದಾರಿ ಕುಸಿದು ಕಾರ್ಮಿಕರೊಬ್ಬರು ಸತ್ತ ಪ್ರಕರಣದಲ್ಲಿ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯ 1949ರಲ್ಲಿ ಕೊಟ್ಟ ವಿವರಣೆಯನ್ನು ಇಂದಿಗೂ ಹಲವು ದೇಶಗಳಲ್ಲಿ ಉಲ್ಲೇಖಿಸುತ್ತಾರೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅಪಾಯವನ್ನು ಇಡಿ, ಇನ್ನೊಂದರಲ್ಲಿ ಅದನ್ನು ತಡೆಯಲು ಬೇಕಾದ ಹಣ, ಸಮಯ, ಶ್ರಮವನ್ನು ಇಡಿ. ಅಪಾಯ ತೀರಾ ಕ್ಷುಲ್ಲಕವಾಗಿದ್ದು ಖರ್ಚು ಅದಕ್ಕೆ ಏನೇನೂ ಹೊಂದದಷ್ಟು ದೊಡ್ಡದಾಗಿದ್ದರೆ ಮಾತ್ರ ನಿಮಗೆ ವಿನಾಯಿತಿ. ಎರಡೂ ಸರಿಸಮ ತೂಗಿದರೆ ಖರ್ಚು ಮಾಡಲೇಬೇಕು. ಈ ತೂಕವನ್ನು ಅಪಘಾತಕ್ಕೆ ಮೊದಲೇ ಮಾಡಿರಬೇಕು. ಅಪಘಾತವಾದ ಮೇಲೆ ವಕೀಲರ ಕೋಣೆಯಲ್ಲಿ ಕುಳಿತು ಮಾಡಿದ ಲೆಕ್ಕಕ್ಕೆ ಬೆಲೆ ಕಡಿಮೆ.

ಅಪಾಯದ ಅಂದಾಜನ್ನು ಹೇಗೆ ಮಾಡಬೇಕು? ಸಿದ್ಧ ನಮೂನೆ ಸಾಕೇ?

ನಮೂನೆ ಬರೆದಿಡಲು ಬೇಕು, ಅಂದಾಜು ಮಾಡಲು ಕಾಲು ಬೇಕು. ಕೆಲಸ ನಡೆಯುವ ಜಾಗದಲ್ಲಿ, ಕೆಲಸ ನಡೆಯುತ್ತಿರುವ ಹೊತ್ತಿನಲ್ಲಿ, ಆ ಕೆಲಸ ಮಾಡುವವರ ಜೊತೆಗೇ ನಡೆಯಿರಿ. ಏನು ಹಾನಿ ಮಾಡಬಲ್ಲದು, ಯಾರಿಗೆ, ಎಷ್ಟು ತೀವ್ರವಾಗಿ, ಎಷ್ಟು ಸಲ ಹಾಗಾಗುವ ಸಂಭವವಿದೆ, ಈಗಿರುವ ತಡೆ ಸಾಕೇ ಎಂದು ಕೇಳುತ್ತಾ ಹೋಗಿ.

ಹೆಚ್ಚಿನ ಅಂದಾಜುಗಳು ಸೋಲುವುದು ಒಂದೇ ಕಡೆ: ಎಲ್ಲವೂ ಸರಿಯಾಗಿ ಓಡುತ್ತಿರುವಾಗಿನ ಉತ್ಪಾದನೆಯನ್ನು ಮಾತ್ರ ಅವು ನೋಡುತ್ತವೆ. ಜನ ಗಾಯಗೊಳ್ಳುವುದು ಬಹಳ ಸಲ ಅದರ ಅಂಚಿನಲ್ಲಿ. ಸಿಕ್ಕಿಹಾಕಿಕೊಂಡ ಸರಕನ್ನು ಬಿಡಿಸುವಾಗ, ಯಂತ್ರ ತೊಳೆಯುವಾಗ, ಬಲ್ಬ್ ಬದಲಿಸಲು ಏಣಿ ಹತ್ತುವಾಗ, ಲಾರಿ ಹಿಮ್ಮುಖವಾಗಿ ಬರುವಾಗ, ಪಾಳಿ ಬದಲಾಗುವ ಹತ್ತು ನಿಮಿಷಗಳಲ್ಲಿ. ರಾತ್ರಿ ಪಾಳಿಯನ್ನು ಹಗಲಿನಲ್ಲಿ ಕುಳಿತು ಅಂದಾಜು ಮಾಡಿದವರನ್ನು ನಾನು ಬಹಳ ಕಂಡಿದ್ದೇನೆ. ದಯವಿಟ್ಟು ಒಮ್ಮೆ ನಡುರಾತ್ರಿಯ ನಂತರ ಹೋಗಿ ನೋಡಿ: ದೀಪ ಎಷ್ಟಿದೆ, ಮೇಲ್ವಿಚಾರಕ ಎಲ್ಲಿದ್ದಾನೆ, ಗಾಯವಾದರೆ ಬಂಡಿ ಓಡಿಸುವವರು ಯಾರು.

ಯಂತ್ರದ ಗಾರ್ಡ್ (ಅಪಾಯದ ಭಾಗಕ್ಕೆ ಕೈ ತಾಗದಂತೆ ತಡೆಯುವ ಮುಚ್ಚಳ) ಕಳಚಿಟ್ಟಿರುವುದು ಕಂಡರೆ ಮೊದಲ ಪ್ರಶ್ನೆ 'ಯಾರು ತೆಗೆದದ್ದು' ಎಂದಾಗಬಾರದು. ಅದನ್ನು ಇಟ್ಟುಕೊಂಡು ಕೆಲಸ ಮಾಡಲು ಏಕೆ ಆಗುತ್ತಿಲ್ಲ ಎಂದು ಕೇಳಿ. ಬರುವ ಉತ್ತರದಲ್ಲೇ ಪರಿಹಾರ ಇರುತ್ತದೆ.

ಹೆಲ್ಮೆಟ್, ಕೈಗವಸು, ಕಿವಿಪ್ಲಗ್ ಎಲ್ಲ ಕೊಟ್ಟಿದ್ದೇನೆ. ನನ್ನ ಕೆಲಸ ಮುಗಿಯಿತಲ್ಲವೇ?

ಅದು ಸಾಲಿನ ಕೊನೆಯ ಉಪಾಯ, ಮೊದಲನೆಯದಲ್ಲ. ಅಪಾಯವನ್ನು ತೆಗೆದುಹಾಕಲು ಸಾಧ್ಯವೇ ಎಂದು ಮೊದಲು ನೋಡಬೇಕು. ಆಗದಿದ್ದರೆ ಕಡಿಮೆ ಅಪಾಯದ ವಸ್ತು ಅಥವಾ ವಿಧಾನಕ್ಕೆ ಬದಲಾಯಿಸಬೇಕು. ಅದೂ ಆಗದಿದ್ದರೆ ಗಾರ್ಡ್, ದೂಳು ಹೀರುವ ವ್ಯವಸ್ಥೆ, ಶಬ್ದ ತಡೆಯುವ ಕವಚದಂತಹ ತಾಂತ್ರಿಕ ತಡೆ. ಆಮೇಲೆ ಪಾಳಿ, ಸೂಚನಾಫಲಕ, ತರಬೇತಿ. ಇಷ್ಟಾದ ಮೇಲೂ ಉಳಿದ ಅಪಾಯಕ್ಕೆ ಮಾತ್ರ ಮೈಮೇಲೆ ಧರಿಸುವ ಸಾಧನ.

ಏಕೆ ಈ ಕ್ರಮ ಎಂಬುದಕ್ಕೆ ಕಿವಿಪ್ಲಗ್ಗೇ ಒಳ್ಳೆಯ ಸಾಕ್ಷಿ. ಎಂಟು ಗಂಟೆಯ ಪಾಳಿಗೆ 85 ಡೆಸಿಬಲ್ ಶಬ್ದವನ್ನು ಮಿತಿ ಎಂದು ಅನೇಕ ಕಡೆ ಇಟ್ಟುಕೊಂಡಿದ್ದಾರೆ. ಪ್ರತಿ 3 ಡೆಸಿಬಲ್ ಏರಿಕೆಗೆ ಶಬ್ದದ ಶಕ್ತಿ ಎರಡು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ 88ಕ್ಕೆ ನಾಲ್ಕೇ ಗಂಟೆ, 91ಕ್ಕೆ ಎರಡೇ ಗಂಟೆ. ಈಗ 30 ಡೆಸಿಬಲ್ ತಗ್ಗಿಸುವ ಉತ್ತಮ ಕಿವಿಪ್ಲಗ್ ಕೊಟ್ಟಿದ್ದೀರಿ ಎಂದುಕೊಳ್ಳಿ. ಎಂಟು ಗಂಟೆಯಲ್ಲಿ ಅರ್ಧ ಗಂಟೆ ಮಾತ್ರ ಕಾರ್ಮಿಕ ಅದನ್ನು ತೆಗೆದಿಟ್ಟರೆ ಇಡೀ ದಿನದ ರಕ್ಷಣೆ ಸುಮಾರು 12 ಡೆಸಿಬಲ್‌ಗೆ ಇಳಿಯುತ್ತದೆ. ಯಂತ್ರವನ್ನೇ ಕವಚದೊಳಗೆ ಇಟ್ಟಿದ್ದರೆ ಯಾರ ನೆನಪು, ಯಾರ ಶಿಸ್ತನ್ನೂ ಅವಲಂಬಿಸಬೇಕಾಗಿರಲಿಲ್ಲ.

ಸುರಕ್ಷತಾ ಸಾಧನದ ಹಣವನ್ನು ಸಂಬಳದಲ್ಲಿ ಹಿಡಿದುಕೊಳ್ಳಬಹುದೇ?

ಕೂಡದು. ಸುರಕ್ಷತಾ ಕ್ರಮಗಳಿಂದ ಕಾರ್ಮಿಕರ ಮೇಲೆ ಯಾವ ಖರ್ಚೂ ಬೀಳಬಾರದು ಎಂದು 155ನೇ ಒಪ್ಪಂದದ 21ನೇ ವಿಧಿ ನೇರವಾಗಿ ಹೇಳುತ್ತದೆ. ಸವೆದದ್ದನ್ನು ಬದಲಿಸಿ ಕೊಡುವುದೂ ನಿಮ್ಮದೇ ಖರ್ಚು. ಹಾಗೆಯೇ ಎಲ್ಲರಿಗೂ ಒಂದೇ ಅಳತೆಯದ್ದನ್ನು ತರಿಸಬೇಡಿ. ಸಡಿಲವಾದ ಕೈಗವಸು ತಿರುಗುವ ಯಂತ್ರದ ಬಳಿ ಕೈಯನ್ನೇ ಒಳಗೆಳೆದೊಯ್ಯುತ್ತದೆ. ಸಣ್ಣ ಮುಖಕ್ಕೆ ದೊಡ್ಡ ಮಾಸ್ಕ್ ಹಾಕಿದರೆ ದೂಳು ಅಂಚಿನಿಂದ ಒಳಹೋಗುತ್ತದೆ.

ಸುರಕ್ಷತಾ ಅಧಿಕಾರಿಯನ್ನು ನೇಮಿಸಿದ್ದೇನೆ. ಇನ್ನು ಹೊಣೆ ಅವರದಲ್ಲವೇ?

ಕೆಲಸವನ್ನು ಹಂಚಬಹುದು, ಹೊಣೆ ನಿಮ್ಮಲ್ಲೇ ಉಳಿಯುತ್ತದೆ. ಹೊರಗಿನ ತಜ್ಞರ ನೆರವು ಪಡೆದರೂ ಉದ್ಯೋಗದಾತನ ಜವಾಬ್ದಾರಿ ಕಳೆಯುವುದಿಲ್ಲ, ಕಾರ್ಮಿಕರಿಗೂ ಕರ್ತವ್ಯಗಳಿವೆ ಎಂಬ ಕಾರಣಕ್ಕೆ ಅದು ಕುಗ್ಗುವುದೂ ಇಲ್ಲ ಎಂದು ಐರೋಪ್ಯ ಒಕ್ಕೂಟದ 1989ರ ಚೌಕಟ್ಟು ನಿರ್ದೇಶನ ಬಿಡಿಸಿ ಹೇಳಿದೆ. ನಿಮ್ಮ ಅಧಿಕಾರಿಗೆ ಯಂತ್ರ ನಿಲ್ಲಿಸುವ ಅಧಿಕಾರವಿದೆಯೇ? ಖರ್ಚಿಗೆ ಹಣ ಕೇಳಿದಾಗ ಸಿಗುತ್ತದೆಯೇ? ಎರಡಕ್ಕೂ ಇಲ್ಲ ಎಂಬುದೇ ಉತ್ತರವಾದರೆ ನೀವು ನೇಮಿಸಿದ್ದು ಕಾಗದಕ್ಕೆ ಸಹಿ ಹಾಕುವ ಒಂದು ಕೈಯನ್ನಷ್ಟೇ.

'ಅಪಾಯ ತಿಳಿದೇ ಕೆಲಸಕ್ಕೆ ಬರುತ್ತಿದ್ದೇನೆ' ಎಂದು ಕಾರ್ಮಿಕರಿಂದ ಬರೆಸಿಕೊಂಡರೆ?

ಶಾಸನ ಹೊರಿಸಿದ ಕರ್ತವ್ಯವನ್ನು ಅಂತಹ ಪತ್ರ ಅಳಿಸದು. ಬದಲಿಗೆ ಅಪಾಯ ನಿಮಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ.

ಗುತ್ತಿಗೆದಾರರ ಆಳುಗಳಿಗೂ ನಾನು ಹೊಣೆಯೇ?

ನಿಮ್ಮ ಜಾಗದಲ್ಲಿ, ನಿಮ್ಮ ಯಂತ್ರದ ಪಕ್ಕದಲ್ಲಿ, ನಿಮ್ಮ ರಾಸಾಯನಿಕದ ನಡುವೆ ಅವರು ನಿಂತಿದ್ದರೆ ಹೌದು. ಗುತ್ತಿಗೆದಾರರೂ ಹೊಣೆ, ನೀವೂ ಹೊಣೆ. ಒಂದೇ ಜಾಗದಲ್ಲಿ ಎರಡು ಸಂಸ್ಥೆಗಳು ಕೆಲಸ ಮಾಡುವಾಗ ಸುರಕ್ಷತೆಯ ವಿಷಯದಲ್ಲಿ ಪರಸ್ಪರ ಸಹಕರಿಸಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ.

ಸಹಕಾರ ಎಂದರೆ ಗೇಟಿನಲ್ಲಿ ಒಂದು ಕರಪತ್ರ ಕೊಡುವುದಲ್ಲ. ಯಾವ ಪೈಪಿನಲ್ಲಿ ಏನಿದೆ, ಯಾವುದನ್ನು ಬಂದ್ ಮಾಡಲಾಗಿದೆ, ಯಾರು ಎಲ್ಲಿ ಕೆಲಸದಲ್ಲಿದ್ದಾರೆ ಎಂಬುದು ಎಲ್ಲರಿಗೂ ತಿಳಿಯಬೇಕು. ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 1988ರ ಜುಲೈ 6ರಂದು 167 ಮಂದಿ ಸತ್ತದ್ದು ನೆನಪಿಡಬೇಕಾದ ಪಾಠ. ದುರಸ್ತಿಗೆಂದು ಒಂದು ಪಂಪಿನ ಸುರಕ್ಷತಾ ಕವಾಟವನ್ನು ಕಳಚಿ ಆ ಜಾಗಕ್ಕೆ ತಾತ್ಕಾಲಿಕ ಮುಚ್ಚಳ ಹಾಕಲಾಗಿತ್ತು. ಆ ಸಂಗತಿಯನ್ನು ಬರೆದಿದ್ದ ಕೆಲಸದ ಪರವಾನಗಿ ಚೀಟಿ ರಾತ್ರಿ ಪಾಳಿಯವರ ಅರಿವಿಗೆ ಬರಲಿಲ್ಲ. ಇನ್ನೊಂದು ಪಂಪು ಕೆಟ್ಟಾಗ ಅವರು ಇದನ್ನು ಚಾಲೂ ಮಾಡಿದರು, ಅನಿಲ ಸೋರಿತು. ಪರವಾನಗಿ ಪದ್ಧತಿ ಅಲ್ಲಿ ಇರಲಿಲ್ಲವೆಂದಲ್ಲ. ಇದ್ದ ಮಾಹಿತಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಲಿಲ್ಲ.

ಹಾಗಾದರೆ ನನಗೆ ಹಕ್ಕುಗಳೇ ಇಲ್ಲವೇ?

ಇವೆ, ಮತ್ತು ಅವನ್ನು ಬಳಸಲು ಹಿಂಜರಿಯಬೇಡಿ. ಸುರಕ್ಷತಾ ನಿಯಮಗಳನ್ನು ರೂಪಿಸಿ, ಅವುಗಳ ಪಾಲನೆಯನ್ನು ಕೇಳುವ ಹಕ್ಕು ನಿಮಗಿದೆ. ಕಾರ್ಮಿಕರು ನಿಮ್ಮೊಂದಿಗೆ ಸಹಕರಿಸಬೇಕು, ಗಂಭೀರ ಅಪಾಯ ಕಂಡ ಕೂಡಲೇ ಮೇಲ್ವಿಚಾರಕರಿಗೆ ತಿಳಿಸಬೇಕು. ಕಾರ್ಮಿಕರ ಪ್ರತಿನಿಧಿಗಳು ನಿಮ್ಮಿಂದ ಪಡೆದ ವ್ಯಾಪಾರ ರಹಸ್ಯವನ್ನು ಹೊರಗೆಡವಬಾರದು. ಕಾರ್ಮಿಕರ ಅಭಿಪ್ರಾಯವನ್ನು ಕೇಳುವುದು ನಿಮ್ಮ ಕರ್ತವ್ಯ, ಕೇಳಿದ ಮೇಲೆ ನಿರ್ಧಾರ ತೆಗೆದುಕೊಳ್ಳುವುದು ನಿಮ್ಮ ಅಧಿಕಾರ.

ಅನೇಕರು ಮರೆಯುವ ಹಕ್ಕು ಇನ್ನೊಂದಿದೆ. ಯಂತ್ರ ತಯಾರಿಸಿದವರಿಂದ, ಆಮದು ಮಾಡಿದವರಿಂದ, ರಾಸಾಯನಿಕ ಮಾರಿದವರಿಂದ ಸುರಕ್ಷತಾ ಮಾಹಿತಿಯನ್ನು ನೀವು ಪಟ್ಟುಹಿಡಿದು ಕೇಳಬಹುದು. ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರದಲ್ಲಿ 16 ಭಾಗಗಳಿರುತ್ತವೆ. ನಾಲ್ಕನೆಯದು ಪ್ರಥಮ ಚಿಕಿತ್ಸೆ, ಎಂಟನೆಯದು ಗಾಳಿಯಲ್ಲಿ ಇರಬಹುದಾದ ಮಿತಿ ಮತ್ತು ಧರಿಸಬೇಕಾದ ಸಾಧನ. ಅರ್ಧಂಬರ್ಧ ಪತ್ರ ಕಳಿಸಿದವರಿಂದ ಸರಕು ಕೊಳ್ಳಬೇಡಿ.

ನಿಯಮ ಮುರಿದ ಕಾರ್ಮಿಕರ ಮೇಲೆ ಶಿಸ್ತುಕ್ರಮ ಕೈಗೊಳ್ಳಬಹುದೇ?

ಕೈಗೊಳ್ಳಬಹುದು, ಕೆಲವೊಮ್ಮೆ ಕೈಗೊಳ್ಳಲೇಬೇಕು. ಚಾಲನೆಯಲ್ಲಿರುವ ಯಂತ್ರದ ಸುರಕ್ಷತಾ ಬೀಗವನ್ನು ಬೇಕೆಂದೇ ತಪ್ಪಿಸಿ ಜೊತೆಯವರ ಜೀವವನ್ನು ಪಣಕ್ಕಿಟ್ಟವರನ್ನು ಸುಮ್ಮನೆ ಬಿಡುವುದು ಉಳಿದವರಿಗೆ ಮಾಡುವ ಅನ್ಯಾಯ.

ಆದರೆ ಕ್ರಮಕ್ಕೆ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದವು ಇವೆ. ನಿಯಮ ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿದಿತ್ತೇ? ಪಾಲಿಸಲು ಬೇಕಾದ ಸಾಧನ ಕೈಗೆಟುಕುವಂತಿತ್ತೇ? ಅದೇ ತಪ್ಪನ್ನು ಮೇಲ್ವಿಚಾರಕ ಮಾಡಿದಾಗ ನೀವು ಏನು ಮಾಡಿದಿರಿ? ಮಂಜು ಕವಿಯುವ ಕನ್ನಡಕ ಕೊಟ್ಟು, ಗಂಟೆಗೆ ಇಷ್ಟು ತುಂಡು ಎಂದು ಗುರಿ ಇಟ್ಟು, ಕನ್ನಡಕ ತೆಗೆದದ್ದಕ್ಕೆ ಎಚ್ಚರಿಕೆ ಪತ್ರ ಕೊಟ್ಟ ಘಟಕವೊಂದನ್ನು ನಾನು ನೋಡಿದ್ದೇನೆ. ಅಲ್ಲಿ ಕಾರ್ಮಿಕನ ಮುಂದೆ ಎರಡು ಆಜ್ಞೆಗಳಿದ್ದವು, ಎರಡನ್ನೂ ಒಟ್ಟಿಗೆ ಪಾಲಿಸುವುದು ಆಗದ ಮಾತಾಗಿತ್ತು. ತಿಂಗಳುಗಟ್ಟಲೆ ಕಂಡೂ ಕಾಣದಂತಿದ್ದು, ಗಾಯವಾದ ದಿನ ಮಾತ್ರ ನಿಯಮ ತೆಗೆದು ತೋರಿಸಿದರೆ ಯಾವ ವಿಚಾರಣೆಯಲ್ಲೂ ನಿಲ್ಲುವುದಿಲ್ಲ.

ತಪ್ಪು ಒಪ್ಪಿಕೊಂಡವರಿಗೆ, ಕಣ್ತಪ್ಪಿನಿಂದ ಆದದ್ದನ್ನು ತಾವಾಗಿಯೇ ಹೇಳಿದವರಿಗೆ ಶಿಕ್ಷೆ ಕೊಡಬೇಡಿ. ಒಮ್ಮೆ ಕೊಟ್ಟರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಮದ್ಯಪಾನದ ತಪಾಸಣೆ, ಕ್ಯಾಮೆರಾ ಕಣ್ಗಾವಲು ಮಾಡಬಹುದೇ?

ಅಪಾಯಕ್ಕೆ ತಕ್ಕಷ್ಟು. ಫೋರ್ಕ್‌ಲಿಫ್ಟ್, ಕ್ರೇನ್ ಓಡಿಸುವವರ ವಿಷಯ ಬೇರೆ, ಲೆಕ್ಕಪತ್ರ ಬರೆಯುವವರ ವಿಷಯ ಬೇರೆ. ನಿಯಮ ಲಿಖಿತವಾಗಿರಲಿ, ಎಲ್ಲ ದರ್ಜೆಯವರಿಗೂ ಒಂದೇ ಆಗಿರಲಿ, ಫಲಿತಾಂಶ ಗುಟ್ಟಾಗಿರಲಿ. ವ್ಯಸನವನ್ನು ಆರೋಗ್ಯದ ಸಮಸ್ಯೆಯಾಗಿ ಕಾಣಬೇಕು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1996ರ ಸಂಹಿತೆಯ ನಿಲುವು. ತಪಾಸಣೆ ಮಾಡುವ ಅಧಿಕಾರದ ಗಡಿ ದೇಶದಿಂದ ದೇಶಕ್ಕೆ ಬಹಳ ಬದಲಾಗುವುದರಿಂದ ಕಾನೂನು ಸಲಹೆ ಪಡೆದೇ ಮುಂದುವರಿಯಿರಿ.

ಅಪಾಯವಿದೆ ಎಂದು ಕಾರ್ಮಿಕರು ಕೆಲಸ ನಿಲ್ಲಿಸಿದರೆ ನಾನು ಏನು ಮಾಡಬೇಕು?

ಮೊದಲು ಹೋಗಿ ನೋಡಿ. ಜೀವಕ್ಕೆ ಅಥವಾ ಆರೋಗ್ಯಕ್ಕೆ ಕೂಡಲೇ ಗಂಭೀರ ಅಪಾಯವಿದೆ ಎಂದು ನಂಬಲು ಸಕಾರಣವಿದ್ದು ಹಿಂದೆ ಸರಿದವರಿಗೆ ಯಾವ ಕೆಡುಕೂ ಆಗದಂತೆ ರಕ್ಷಣೆ ಇರಬೇಕು ಎಂದು 155ನೇ ಒಪ್ಪಂದದ 13ನೇ ವಿಧಿ ಹೇಳುತ್ತದೆ. ಅಪಾಯ ಮುಂದುವರಿದಿರುವಾಗ, ಅದನ್ನು ಸರಿಪಡಿಸುವ ತನಕ ಅವರನ್ನು ಅಲ್ಲಿಗೆ ಮರಳಿ ಎನ್ನುವಂತಿಲ್ಲ.

'ಸಕಾರಣ' ಎಂಬ ಮಾತಿನ ಅರ್ಥ ಇಷ್ಟು: ಕಾರ್ಮಿಕರ ಅಂದಾಜು ಕೊನೆಗೆ ತಪ್ಪಾಗಿದ್ದರೂ ಆ ಹೊತ್ತಿನಲ್ಲಿ ಅವರು ಕಂಡದ್ದನ್ನು ಕಂಡ ಯಾರೇ ಆದರೂ ಹಾಗೆ ಯೋಚಿಸುತ್ತಿದ್ದರೆ ಸಾಕು. ಎಲ್ಲ ಅಸಮಾಧಾನಕ್ಕೂ ಈ ಹಕ್ಕು ಅನ್ವಯಿಸುವುದಿಲ್ಲ. ಪರಿಶೀಲಿಸಿ, ತಜ್ಞರಿಂದ ನೋಡಿಸಿ, ಕಂಡದ್ದನ್ನು ಬರೆದಿಡಿ. ಆ ತನಕ ಬೇರೆ ಸುರಕ್ಷಿತ ಕೆಲಸ ಕೊಡುವ ಹಕ್ಕು ಸಾಮಾನ್ಯವಾಗಿ ನಿಮಗಿರುತ್ತದೆ. ಅವರು ನಿರಾಕರಿಸಿದ ಕೆಲಸಕ್ಕೆ ವಿಷಯವನ್ನೇ ತಿಳಿಸದೆ ಇನ್ನೊಬ್ಬರನ್ನು ಕಳಿಸುವುದು ಮಾತ್ರ ಮಾಡಲೇಬಾರದ ಕೆಲಸ.

ತಪಾಸಣಾಧಿಕಾರಿ ಬಂದಾಗ ನನ್ನ ಹಕ್ಕು ಏನು? ದೂರು ಕೊಟ್ಟವರು ಯಾರೆಂದು ಕೇಳಬಹುದೇ?

ಗುರುತಿನ ಪತ್ರ ಕೇಳಿ ನೋಡಬಹುದು. ಸಾಮಾನ್ಯವಾಗಿ ಅಧಿಕಾರಿ ತಾವು ಬಂದಿರುವುದನ್ನು ನಿಮಗೆ ತಿಳಿಸುತ್ತಾರೆ. ತಿಳಿಸಿದರೆ ತಪಾಸಣೆ ಕೆಡುತ್ತದೆ ಎನಿಸಿದರೆ ತಿಳಿಸದೆಯೂ ಇರಬಹುದು. ಮುನ್ಸೂಚನೆ ಇಲ್ಲದೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಒಳಬರುವ ಅಧಿಕಾರವನ್ನು 1947ರ ಕಾರ್ಮಿಕ ತಪಾಸಣೆ ಒಪ್ಪಂದ ಅವರಿಗೆ ಕೊಟ್ಟಿದೆ. ನಿಮ್ಮ ವ್ಯಾಪಾರ ಮತ್ತು ತಯಾರಿಕೆಯ ರಹಸ್ಯಗಳನ್ನು ಸೇವೆಯಿಂದ ಹೊರಬಂದ ಮೇಲೂ ಅವರು ಬಯಲು ಮಾಡುವಂತಿಲ್ಲ. ಆದೇಶ ಒಪ್ಪಿಗೆಯಾಗದಿದ್ದರೆ, ನಿಮ್ಮ ದೇಶದ ಕಾನೂನಿನಲ್ಲಿ ಅವಕಾಶವಿರುವಂತೆ ಮೇಲ್ಮನವಿ ಸಲ್ಲಿಸಬಹುದು. ಗಡುವು ಚಿಕ್ಕದಿರುತ್ತದೆ, ತಡಮಾಡಬೇಡಿ.

ದೂರು ಕೊಟ್ಟವರ ಹೆಸರು ನಿಮಗೆ ಸಿಗದು. ದೂರಿನಿಂದಾಗಿಯೇ ಬಂದೆವೆಂಬ ಸುಳಿವನ್ನೂ ಅವರು ಕೊಡಬಾರದು. ಅವರು ಹೋದ ಮೇಲೆ ಹುಡುಕಾಟಕ್ಕೆ ಇಳಿಯಬೇಡಿ. ದೂರು ಹೊರಗೆ ಹೋಯಿತೆಂದರೆ ಒಳಗೆ ಅದನ್ನು ಹೇಳುವ ದಾರಿ ಮುಚ್ಚಿತ್ತೆಂದು ಅರ್ಥ. ಸರಿಪಡಿಸಬೇಕಾದ್ದು ಆ ದಾರಿಯನ್ನು.

ಅಪಘಾತವಾದರೆ ಮೊದಲ ಗಂಟೆಯಲ್ಲಿ ಏನು ಮಾಡಬೇಕು?

ಗಾಯಾಳುವಿಗೆ ಚಿಕಿತ್ಸೆ, ಯಂತ್ರ ಅಥವಾ ವಿದ್ಯುತ್ ಬಂದ್, ಉಳಿದವರನ್ನು ದೂರ ಸರಿಸುವುದು. ರಕ್ಷಣೆಗೆ ಅಗತ್ಯವಿರುವುದನ್ನು ಬಿಟ್ಟು ಬೇರೇನನ್ನೂ ಅಲುಗಾಡಿಸಬೇಡಿ, ತೊಳೆಯಬೇಡಿ. ಸಾವು, ಗಂಭೀರ ಗಾಯಗಳನ್ನು ಅಧಿಕಾರಿಗಳಿಗೆ ಕೂಡಲೇ ತಿಳಿಸಬೇಕು. ಕುಟುಂಬಕ್ಕೆ ಜವಾಬ್ದಾರಿಯುತ ಹಿರಿಯರೊಬ್ಬರು ಖುದ್ದಾಗಿ ತಿಳಿಸಲಿ. ಯಾರದೋ ಮೊಬೈಲ್ ಸಂದೇಶದಿಂದ ಅವರಿಗೆ ಗೊತ್ತಾಗುವಂತೆ ಆಗಬಾರದು.

ಟ್ಯಾಂಕ್, ಗುಂಡಿ, ಚರಂಡಿ, ಬಾವಿಯಂತಹ ಇಕ್ಕಟ್ಟಿನ ಜಾಗದಲ್ಲಿ ಯಾರಾದರೂ ಕುಸಿದರೆ ಇನ್ನೊಬ್ಬರು ಧುಮುಕದಂತೆ ತಡೆಯುವುದೇ ನಿಮ್ಮ ಮೊದಲ ಕೆಲಸ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಒಬ್ಬರನ್ನು ಎತ್ತಲು ಹೋಗಿ ಇಬ್ಬರು, ಅವರನ್ನು ಎತ್ತಲು ಹೋಗಿ ಮೂರನೆಯವರು ಸಾಯುವುದು ಮತ್ತೆ ಮತ್ತೆ ನಡೆಯುತ್ತಲೇ ಇದೆ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇ 20.9ರಷ್ಟಿರುತ್ತದೆ. ತುಕ್ಕು ಹಿಡಿಯುವ ಕಬ್ಬಿಣ, ಕೊಳೆಯುವ ವಸ್ತು ಅದನ್ನು ಸದ್ದಿಲ್ಲದೆ ತಿಂದುಹಾಕುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಏರಿದಂತೆ ಮೂಗಿನ ಗ್ರಹಣಶಕ್ತಿಯೇ ಸತ್ತುಹೋಗುತ್ತದೆ. ವಾಸನೆ ನಿಂತಿತೆಂದು ಇಳಿದವರು ಮರಳುವುದಿಲ್ಲ. ಅನಿಲ ಅಳೆಯುವ ಮೀಟರ್, ಮೇಲೆ ಕಾಯುವ ವ್ಯಕ್ತಿ, ಎಳೆದುಕೊಳ್ಳಲು ಹಗ್ಗ ಮತ್ತು ಬೆಲ್ಟ್ ಇಲ್ಲದೆ ಯಾರನ್ನೂ ಇಳಿಸಬೇಡಿ. ಯಂತ್ರದಿಂದ ಮಾಡಿಸಬಹುದಾದ ಕೆಲಸವಾದರೆ ಮನುಷ್ಯರನ್ನು ಇಳಿಸಲೇಬೇಡಿ.

ತನಿಖೆಯನ್ನು 'ಕಾರ್ಮಿಕನ ಅಜಾಗರೂಕತೆ' ಎಂದು ಮುಗಿಸುವ ವರದಿಯನ್ನು ತಿರಸ್ಕರಿಸಿ. ಅಂತಹ ವರದಿಯಿಂದ ನಾಳೆ ಬದಲಿಸಬಹುದಾದ ಒಂದು ಬೋಲ್ಟ್ ಕೂಡ ಸಿಗುವುದಿಲ್ಲ.

ಕಳ್ಳತನ ತಡೆಯಲು ಒಂದು ಬಾಗಿಲಿಗೆ ಬೀಗ ಹಾಕಿದರೆ ತಪ್ಪೇ?

ಜನ ಒಳಗಿರುವಾಗ ಹೊರದಾರಿಗೆ ಬೀಗ ಹಾಕಲೇಬಾರದು. ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 1911ರ ಮಾರ್ಚ್ 25ರಂದು 146 ಮಂದಿ ಸತ್ತರು, ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು. ಮೆಟ್ಟಿಲ ಬಾಗಿಲೊಂದಕ್ಕೆ ಬೀಗ ಬಿದ್ದಿತ್ತು. ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ, ತೆರೆದಾಗ ಅಲಾರಂ ಕೂಗುವ ಬಾಗಿಲು ನಿಮ್ಮ ಎರಡೂ ಚಿಂತೆಗಳಿಗೆ ಸಾಕು.

ತರಬೇತಿ ಕೊಟ್ಟಿದ್ದಕ್ಕೆ ಸಹಿ ಪಡೆದಿದ್ದೇನೆ. ಸಾಕೇ?

ಕಲಿತದ್ದನ್ನು ಮಾಡಿ ತೋರಿಸಲು ಹೇಳಿ. ಕೇಳುಗರ ಭಾಷೆಯಲ್ಲಿ, ಅವರದೇ ಯಂತ್ರದ ಮುಂದೆ, ಕೆಲಸದ ಸಮಯದಲ್ಲೇ ತರಬೇತಿ ನಡೆಯಲಿ. ಹೊಸಬರು, ಯಂತ್ರ ಬದಲಾದವರು, ಬಹುದಿನದ ರಜೆ ಮುಗಿಸಿ ಬಂದವರು ಮೊದಲ ಸಾಲಿನಲ್ಲಿ ಬರುತ್ತಾರೆ. ಓದಲು ಬಾರದವರ ಕೈಗೆ ಇಪ್ಪತ್ತು ಪುಟದ ಕೈಪಿಡಿ ಕೊಟ್ಟು ಪಡೆದ ಸಹಿ ತರಬೇತಿಯಾಗದು.

ಬಿಸಿಲಿನಲ್ಲಿ, ಕುಲುಮೆಯ ಬಳಿ ಕೆಲಸ ಮಾಡಿಸುವಾಗ?

ದೇಹ ಶಾಖಕ್ಕೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಶಾಖದಿಂದ ಸಾಯುವವರಲ್ಲಿ ಬಹಳಷ್ಟು ಮಂದಿ ಕೆಲಸಕ್ಕೆ ಸೇರಿದ ಮೊದಲ ದಿನಗಳಲ್ಲೇ ಸಾಯುತ್ತಾರೆ. ಹೊಸಬರಿಗೆ ಮೊದಲ ದಿನ ಶೇ 20ರಷ್ಟು ಹೊತ್ತು ಮಾತ್ರ ಶಾಖದಲ್ಲಿ ಕೆಲಸ ಕೊಟ್ಟು, ದಿನಕ್ಕೆ ಶೇ 20ರಂತೆ ಏರಿಸುತ್ತಾ ಹೋಗುವುದು ಒಳ್ಳೆಯ ಪದ್ಧತಿ. ನೆರಳು, ವಿಶ್ರಾಂತಿ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಒದಗಿಸಿ. ಮಹಿಳೆಯರಿಗೆ ಶೌಚಾಲಯ ಇಲ್ಲದ ಕಡೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ ಎಂಬುದನ್ನು ಮರೆಯಬೇಡಿ. ಮಾತು ತೊದಲಿ, ಗೊಂದಲಕ್ಕೊಳಗಾದವರನ್ನು ಕೂಡಲೇ ತಣ್ಣೀರಿನಿಂದ ತಂಪು ಮಾಡುತ್ತಾ ವೈದ್ಯರನ್ನು ಕರೆಯಿರಿ.

ಗರ್ಭಿಣಿಯರು, ಅಂಗವಿಕಲರು, ಈಗಾಗಲೇ ಅನಾರೋಗ್ಯ ಇರುವವರು: ಅವರನ್ನು ತೆಗೆದುಕೊಳ್ಳದಿರುವುದೇ ಕ್ಷೇಮವಲ್ಲವೇ?

ಕೆಲಸವನ್ನು ವ್ಯಕ್ತಿಗೆ ಹೊಂದಿಸಿ. ವ್ಯಕ್ತಿಯನ್ನು ಹೊರಗಿಡುವುದು ಹಲವು ಕಡೆ ತಾರತಮ್ಯದ ಅಪರಾಧವೂ ಹೌದು. ಒಂದು ಕಣ್ಣು ಮೊದಲೇ ಕಾಣದಿದ್ದ ಲಂಡನ್ನಿನ ಗ್ಯಾರೇಜ್ ಕೆಲಸಗಾರನ ಇನ್ನೊಂದು ಕಣ್ಣಿಗೆ ಬೋಲ್ಟ್ ಬಡಿಯುವಾಗ ಚೂರು ಹಾರಿ ಪೂರ್ತಿ ಕುರುಡಾದ ಪ್ರಕರಣವಿದೆ. 1951ರ ನ್ಯಾಯ ವರದಿಗಳಲ್ಲಿ ಅದು ದಾಖಲಾಗಿದೆ. ಉಳಿದವರಿಗೆ ಕನ್ನಡಕ ಕೊಡುವ ರೂಢಿ ಇರಲಿಲ್ಲ ಎಂಬ ಉತ್ತರ ನಡೆಯಲಿಲ್ಲ. ಅವನಿಗೆ ಆಗಬಹುದಾದ ನಷ್ಟ ಹೆಚ್ಚಿದ್ದರಿಂದ ಅವನ ವಿಷಯದಲ್ಲಿ ಎಚ್ಚರವೂ ಹೆಚ್ಚಿರಬೇಕಿತ್ತು ಎಂಬುದೇ ತೀರ್ಪು.

ಕಿರುಕುಳ, ಮಾನಸಿಕ ಒತ್ತಡವೂ ಸುರಕ್ಷತೆಯ ವಿಷಯವೇ?

ಹೌದು. 2019ರ 190ನೇ ಒಪ್ಪಂದ ಹಿಂಸೆ ಮತ್ತು ಕಿರುಕುಳವನ್ನು ಸುರಕ್ಷತೆ ಹಾಗೂ ಆರೋಗ್ಯದ ನಿರ್ವಹಣೆಯೊಳಗೇ ತಂದಿದೆ. ಗ್ರಾಹಕರಿಂದ, ರೋಗಿಗಳ ಕಡೆಯವರಿಂದ ಆಗುವ ಹಲ್ಲೆಯೂ ಅದರಲ್ಲಿ ಸೇರಿದೆ.

ಕಾರ್ಮಿಕರ ವೈದ್ಯಕೀಯ ವರದಿ ನೋಡುವ ಹಕ್ಕು ನನಗಿದೆಯೇ?

ಈ ಕೆಲಸಕ್ಕೆ ವ್ಯಕ್ತಿ ತಕ್ಕವರೇ, ಯಾವ ಬದಲಾವಣೆ ಬೇಕು ಎಂಬಷ್ಟು ವೈದ್ಯರು ನಿಮಗೆ ತಿಳಿಸುತ್ತಾರೆ. ರೋಗದ ವಿವರ ವೈದ್ಯರ ಬಳಿಯೇ ಇರಬೇಕು. ತಪಾಸಣೆ ಉಚಿತವಾಗಿರಬೇಕು, ಸಾಧ್ಯವಾದಷ್ಟು ಕೆಲಸದ ವೇಳೆಯಲ್ಲೇ ನಡೆಯಬೇಕು, ಅದಕ್ಕಾಗಿ ಸಂಬಳ ಕಡಿತವಾಗಬಾರದು. ರಜೆ ಹಾಕಿದವರಿಗೆ ನಿಜಕ್ಕೂ ಕಾಯಿಲೆ ಇತ್ತೇ ಎಂದು ಪತ್ತೆ ಮಾಡುವ ಕೆಲಸವನ್ನು ಔದ್ಯೋಗಿಕ ಆರೋಗ್ಯ ಸಿಬ್ಬಂದಿಗೆ ಹಚ್ಚುವಂತಿಲ್ಲ. 1985ರ 161ನೇ ಒಪ್ಪಂದ ಇದನ್ನು ಬೇರೆಯಾಗಿಯೇ ಹೇಳಿದೆ.

ನನ್ನಲ್ಲಿ ಐದೇ ಜನ ಇದ್ದಾರೆ. ಇಷ್ಟೆಲ್ಲ ಬೇಕೇ?

ಸಮಿತಿ, ಪೂರ್ಣಾವಧಿ ಅಧಿಕಾರಿ, ದಪ್ಪ ಕಡತಗಳಿಂದ ಸಣ್ಣ ಸಂಸ್ಥೆಗಳಿಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಮೂಲ ಕರ್ತವ್ಯದಿಂದ ಇಲ್ಲ. ಐದು ಜನರ ಘಟಕದಲ್ಲಿ ಎರಡು ಪುಟದ ಅಂದಾಜು, ವಾರಕ್ಕೆ ಹತ್ತು ನಿಮಿಷದ ಮಾತುಕತೆ, 'ಸ್ವಲ್ಪದರಲ್ಲಿ ತಪ್ಪಿತು' ಎನ್ನುವ ಘಟನೆಗಳನ್ನು ಬರೆಯಲು ಒಂದು ನೋಟ್‌ಬುಕ್ ಇದ್ದರೆ ಬಹಳಷ್ಟು ಆಗುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಇಲ್ಲದ ಅನುಕೂಲವೊಂದು ನಿಮಗಿದೆ: ಪ್ರತಿಯೊಬ್ಬರ ಕೆಲಸವೂ ನಿಮ್ಮ ಕಣ್ಣಿಗೆ ಬೀಳುತ್ತದೆ.

ದಾಖಲೆಗಳನ್ನು ಎಷ್ಟು ಕಾಲ ಇಡಬೇಕು?

ನೀವು ಎಣಿಸಿದ್ದಕ್ಕಿಂತ ಹೆಚ್ಚು. ತರಬೇತಿ, ತಪಾಸಣೆಯ ಕಾಗದಗಳಿಗೆ ಕೆಲವು ವರ್ಷಗಳು ಸಾಕಾಗಬಹುದು. ಆದರೆ ಕಲ್ನಾರು (ಆಸ್ಬೆಸ್ಟಸ್), ಸಿಲಿಕಾ ದೂಳು, ಕ್ಯಾನ್ಸರ್‌ಕಾರಕ ರಾಸಾಯನಿಕಗಳ ನಡುವೆ ದುಡಿದವರ ವಿಷಯ ಬೇರೆ. ಕಲ್ನಾರಿನಿಂದ ಬರುವ ಎದೆಗೂಡಿನ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳೂ ಹಿಡಿಯುತ್ತವೆ. ಹಾಗಾಗಿ ಐರೋಪ್ಯ ಒಕ್ಕೂಟ ಕಲ್ನಾರಿನ ಸಂಪರ್ಕದ ದಾಖಲೆಗಳನ್ನು ಆ ಸಂಪರ್ಕ ಮುಗಿದ ಮೇಲೆ 40 ವರ್ಷ ಇಡಬೇಕು ಎನ್ನುತ್ತದೆ. ಅಮೆರಿಕದಲ್ಲಿ ಕಾರ್ಮಿಕರ ವೈದ್ಯಕೀಯ ದಾಖಲೆಗಳನ್ನು ಉದ್ಯೋಗದ ಅವಧಿ ಮತ್ತು ಆ ಬಳಿಕ 30 ವರ್ಷ ಕಾಪಾಡಬೇಕು.

ಯಾರು, ಯಾವ ವಿಭಾಗದಲ್ಲಿ, ಯಾವ ವಸ್ತುವಿನ ಜೊತೆ, ಎಷ್ಟು ಕಾಲ, ಗಾಳಿಯಲ್ಲಿ ಅದರ ಅಳತೆ ಎಷ್ಟಿತ್ತು: ಇಷ್ಟು ಬರೆದಿಡಿ. ಸಂಸ್ಥೆಯನ್ನು ಮಾರುವಾಗ ಇವನ್ನು ಹೊಸ ಮಾಲೀಕರಿಗೆ ಹಸ್ತಾಂತರಿಸಿ. ಮುಚ್ಚುವುದಾದರೆ ಕಾನೂನು ಸೂಚಿಸಿದ ಪ್ರಾಧಿಕಾರಕ್ಕೆ ಒಪ್ಪಿಸಿ, ಕೆಲಸ ಬಿಟ್ಟು ಹೋಗುವ ಪ್ರತಿಯೊಬ್ಬರ ಕೈಗೂ ಅವರವರ ಪ್ರತಿಯನ್ನು ಕೊಡಿ. ನಿವೃತ್ತರಾಗಿ ಹದಿನೈದು ವರ್ಷ ಕಳೆದ ಮೇಲೆ ಉಸಿರಾಟದ ತೊಂದರೆಯಿಂದ ವೈದ್ಯರ ಮುಂದೆ ಕುಳಿತ ವ್ಯಕ್ತಿ, ಮೊದಲು ಎಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಅವರು ಕೇಳಿದಾಗ, ಆ ಹಾಳೆಯನ್ನು ತೆಗೆದು ಮೇಜಿನ ಮೇಲೆ ಇಡುವಂತಿರಬೇಕು.